ಜಪಾನಿಯರಿಗೆ ತಿಂಡಿಯ ಮೇಲೆ ಯಾಕಿಷ್ಟು ಹಾಡು?

ಸಂಜೆ ಹೊತ್ತು ಜಪಾನೀ ಭಾಷೆ ಹೇಳಿಕೊಡುವುದು ನನ್ನ ಕೆಲಸ. ಹೊಸ ತಂಡ ಬಂದು ಎರಡು ವಾರವಾಗುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಜಪಾನಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟ ಆದ ಹಾಡು ಯಾವ್ದು?" ಯಾವುದೋ ಅನಿಮೆಯ, ಅಂದರೆ ಜಪಾನೀ ಕಾರ್ಟೂನಿನ, ಹೆಸರು ಬರುತ್ತದೆಂದು ಕಾಯುತ್ತಿರುತ್ತಾರೆ. "ಒಂದು ಸಿಹಿತಿಂಡಿ ಹಾಡು" ಅಂದರೆ ನಗು. ಆ ನಗುವಿನ ಬೆನ್ನಿಗೇ ಅಸಲು ಪ್ರಶ್ನೆ ಬರುತ್ತದೆ: "ತಿನ್ನೋದು ಕುಡಿಯೋದರ ಮೇಲೆ ಯಾಕೆ ಅವರಿಗೆ ಇಷ್ಟೊಂದು ಹಾಡು? ಎಲ್ಲಾ ಮಕ್ಕಳ ಹಾಡಾ?" ನಮ್ಮತ್ತಿಗೆಯೂ ಕೇಳಿದ್ದಾರೆ. ಸಲ ಸಲಕ್ಕೂ ಅರ್ಧ ಉತ್ತರ ಕೊಟ್ಟು ಸಾಕಾಗಿದೆ, ಪೂರ್ತಿ ಇಲ್ಲಿ ಬರೆದುಬಿಡುತ್ತೇನೆ.

ಆ ತಿಂಡಿಯ ಹೆಸರು ತಾಯಿಯಾಕಿ. ತಾಯಿ ಅಂದರೆ ಅಲ್ಲೊಂದು ಮೀನು. ದುಬಾರಿ, ಮಂಗಳಕಾರ್ಯಕ್ಕೆ ಬೇಕೇ ಬೇಕು. ಆ ಮೀನಿನಾಕಾರದ ಕಬ್ಬಿಣದ ಅಚ್ಚಿಗೆ ಗೋಧಿಹಿಟ್ಟಿನ ಸಂಪಣ ಹುಯ್ದು, ನಡುವೆ ಕೆಂಪು ಕಾಳಿನ ಸಿಹಿ 'ಅನ್' ಇಟ್ಟು, ಮುಚ್ಚಿ ಸುಡುತ್ತಾರೆ. 'ಅನ್' ಅಂದರೆ ನಮ್ಮ ಹೂರಣ ಅಂದುಕೊಳ್ಳಿ, ಏಲಕ್ಕಿ ಇಲ್ಲ ಅಷ್ಟೆ. ಟೋಕಿಯೋದಲ್ಲಿ 1909ರಲ್ಲಿ ಶುರುವಾದ ನಾನಿವಾಯಾ ಎಂಬ ಅಂಗಡಿಯೇ ಇದರ ತವರು ಎನ್ನುತ್ತಾರೆ. ಮೊದಲು ದುಂಡಗೆ ಮಾಡಿದರಂತೆ, ಹೋಗಲಿಲ್ಲ. ಆಮೆಯ ಆಕಾರ ಮಾಡಿದರಂತೆ, ಅದೂ ಹೋಗಲಿಲ್ಲ. ಬಡವರ ಕೈಗೆಟುಕದ ಮೀನಿನ ರೂಪ ಕೊಟ್ಟ ಮೇಲೆ ವ್ಯಾಪಾರ ಕುದುರಿತು. ಇದರಲ್ಲೂ ಒಂದು ಭೇದವಿದೆ. ಒಂದೊಂದೇ ಅಚ್ಚಿನಲ್ಲಿ ಬಿಡಿಬಿಡಿಯಾಗಿ ಸುಟ್ಟದ್ದನ್ನು ಅಭಿಮಾನಿಗಳು 'ಕಡಲಲ್ಲಿ ಹಿಡಿದದ್ದು' ಎನ್ನುತ್ತಾರೆ, ದೊಡ್ಡ ತಟ್ಟೆಯಲ್ಲಿ ಸಾಲಾಗಿ ಸುಟ್ಟದ್ದು 'ಸಾಕಿದ್ದು'!

ಹಾಡು 'ಒಯೊಗೆ! ತಾಯಿಯಾಕಿ-ಕುನ್'. ಅಂದರೆ, ಈಜೋ ತಾಯಿಯಾಕಿ! ಟಿವಿಯ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಬಂದು, 1975ರ ಡಿಸೆಂಬರ್ 25ರಂದು ರೆಕಾರ್ಡಾಗಿ ಬಿಡುಗಡೆಯಾಯಿತು. ಹಾಡಿದವರು ಶಿಮೊನ್ ಮಸಾತೊ. ಮಾರಾಟವಾದದ್ದು 45 ಲಕ್ಷಕ್ಕೂ ಹೆಚ್ಚು. ಜಪಾನಿನಲ್ಲಿ ಸಿಂಗಲ್‌ಗಳ, ಅಂದರೆ ಬಿಡಿ ಹಾಡಿನ ರೆಕಾರ್ಡುಗಳ, ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಹಾಡುಗಾರನಿಗೆ ಕೊಟ್ಟದ್ದು ಮಾತ್ರ ಒಂದೇ ಕಂತಿನ 50,000 ಯೆನ್. ಆಮೇಲೆ ಕಂಪನಿಗೇ ನಾಚಿಕೆಯಾಗಿರಬೇಕು, 10 ಲಕ್ಷ ಯೆನ್ನೂ ಒಂದು ಗಿಟಾರೂ ಕೊಟ್ಟರು.

ಇನ್ನು ಕತೆ. ದಿನಾ ದಿನಾ ಕಾದ ಕಬ್ಬಿಣದ ಮೇಲೆ ಬೆಂದು ಬೇಸತ್ತ ತಾಯಿಯಾಕಿಯೊಂದು, ಒಂದು ಬೆಳಿಗ್ಗೆ ಅಂಗಡಿ ಮಾಮನ ಹತ್ತಿರ ಜಗಳವಾಡಿ ಸಮುದ್ರಕ್ಕೆ ಹಾರುತ್ತದೆ. ಹೊಟ್ಟೆಯ ಹೂರಣ ಭಾರ, ಆದರೂ ಈಜುವುದೇನು ಖುಷಿ! ಮುಳುಗಿದ ಹಡಗೇ ಮನೆ. ಆಗಾಗ ಶಾರ್ಕ್ ಕಾಟ. ಹಸಿವಾದರೆ ಸಿಗಡಿ ಗಿಗಡಿ ತಿನ್ನಲೇಬೇಕು, ಬರೀ ಉಪ್ಪುನೀರು ಕುಡಿದರೆ ಮೈ ನೆನೆದು ಮೆತ್ತಗಾಗಿಬಿಡುತ್ತದಲ್ಲ. ನನಗೆ ಇಡೀ ಹಾಡಿನಲ್ಲಿ ಅಚ್ಚುಮೆಚ್ಚು ಈ ಸಾಲು. ಸ್ವಾತಂತ್ರ್ಯ ಸಿಕ್ಕಿದೆ, ಆದರೆ ತಾನು ಹಿಟ್ಟಿನದು ಎಂಬುದನ್ನು ಅದು ಮರೆಯುವಂತಿಲ್ಲ. ಕೊನೆಗೆ ಗಾಳಕ್ಕೆ ಸಿಕ್ಕಿಬೀಳುತ್ತದೆ. ಮೇಲೆತ್ತಿದವನು ಯಾರೋ ಗುರುತಿಲ್ಲದ ಮಾಮ. ಎಷ್ಟಾದರೂ ನಾನು ತಾಯಿಯಾಕಿಯೇ, ಚೂರು ಸೀದ ತಾಯಿಯಾಕಿ, ಎಂದುಕೊಳ್ಳುತ್ತದೆ. ಮಾಮ ಜೊಲ್ಲು ನುಂಗಿ, ಚಪ್ಪರಿಸಿ ತಿಂದುಬಿಡುತ್ತಾನೆ.

ಇದು ಮಕ್ಕಳ ಹಾಡಾ? 1973ರ ತೈಲ ಬಿಕ್ಕಟ್ಟಿನ ಪೆಟ್ಟು ಇನ್ನೂ ಮಾಯದಿದ್ದ ಕಾಲ ಅದು. ಕಿಕ್ಕಿರಿದ ರೈಲಿನಲ್ಲಿ ದಿನಾ ಆಫೀಸಿಗೆ ಹೋಗಿ ಬೇಯುವ ಗಂಡಸರು ಇದನ್ನು ಕೇಳಿ ತಮ್ಮದೇ ಪಾಡು ಅಂದುಕೊಂಡರು ಎಂಬ ಮಾತು ಅಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. 45 ಲಕ್ಷ ರೆಕಾರ್ಡನ್ನು ಮಕ್ಕಳೇ ದುಡ್ಡು ಕೊಟ್ಟು ಕೊಂಡಿರಲಾರರು ಬಿಡಿ.

ಇದೇ ಜಾತಿಯದು 1999ರ 'ದಾಂಗೊ ಮೂರು ಅಣ್ತಮ್ಮಂದಿರು'. ದಾಂಗೊ ಅಂದರೆ ಅಕ್ಕಿಹಿಟ್ಟಿನ ಉಂಡೆ, ಕಡ್ಡಿಗೆ ಪೋಣಿಸಿರುತ್ತಾರೆ. ತುದಿಯಲ್ಲಿ ಅಣ್ಣ, ಬುಡದಲ್ಲಿ ತಮ್ಮ. ಅಣ್ಣನಿಗೆ ತಮ್ಮನೇ ಮುಖ್ಯ, ತಮ್ಮನಿಗೆ ಅಣ್ಣನೇ ಮುಖ್ಯ, ನಡುವಿನವನಿಗೆ ತಾನೇ ಮುಖ್ಯ. ನಡುವಿನ ಮಗಳಾದ ನನಗೆ ಇದು ಸ್ವಲ್ಪ ನಾಟಿತು. ಬೀರುವಿನೊಳಗೆ ಒಂದು ನಿದ್ದೆ ತೆಗೆಯೋಣವೆಂದು ಮಲಗುತ್ತಾರೆ, ಎದ್ದರೆ ಬೆಳಗಾಗಿ ಮೂವರೂ ಗಟ್ಟಿ! ತಾಳ ಟ್ಯಾಂಗೊ ಎಂಬ ಕುಣಿತದ್ದು. ದಾಂಗೊಗೆ ಟ್ಯಾಂಗೊ, ಅಷ್ಟೇ ತರ್ಕ. ಸುಮಾರು 29 ಲಕ್ಷ ಸಿ.ಡಿ. ಹೋದವು, ದಾಂಗೊ ಅಂಗಡಿಗಳ ಮುಂದೆ ಸಾಲು ನಿಂತಿತು.

ನನಗೆ ಕಂಡ ವ್ಯತ್ಯಾಸ ಹೇಳುತ್ತೇನೆ. ನಮ್ಮ ದಾಸರು ಪಾಯಸ ಅಂದರೆ ಅದು ದೇವರ ನಾಮ, ಕಲ್ಲುಸಕ್ಕರೆ ಅಂದರೂ ದೇವರ ನಾಮ. ತಿಂಡಿ ಮೆಟ್ಟಿಲು ಮಾತ್ರ, ಹೋಗಬೇಕಾದ್ದು ಮೇಲಕ್ಕೆ. ಅಲ್ಲಿ ಹಾಗಲ್ಲ. ಉಂಡೆ ಉಂಡೆಯಾಗಿಯೇ ಇರುತ್ತದೆ, ಆರುತ್ತದೆ, ಗಟ್ಟಿಯಾಗುತ್ತದೆ, ಸೀಯುತ್ತದೆ. ದುಃಖವೋ ಸುಖವೋ, ಇದ್ದರೆ ಅದರ ಪಕ್ಕದಲ್ಲೇ ಕೂತಿರುತ್ತದೆ.

ದೊಡ್ಡವರ ಹಾಡಿಗೆ ಬಂದರೆ ಇದು ಇನ್ನೂ ನಿಚ್ಚಳ. ಯಾಶಿರೊ ಅಕಿ ಹಾಡಿದ 1979ರ 'ಫುನಾಉತಾ', ದೋಣಿಹಾಡು, ಸಾಕೆಯ, ಅಂದರೆ ಅವರ ಅಕ್ಕಿಯ ಮದ್ಯದ, ಹದದಿಂದಲೇ ಶುರುವಾಗುತ್ತದೆ. ಸಾಕೆ ಉಗುರುಬೆಚ್ಚಗಿದ್ದರೆ ಚೆಂದ, ನೆಂಚಿಕೊಳ್ಳಲು ಸುಟ್ಟ ಬೊಂಡಾಸ್ (ಸ್ಕ್ವಿಡ್) ಸಾಕು. ಈ ಉಗುರುಬೆಚ್ಚಗಿನ ಹದಕ್ಕೆ ಅವರಲ್ಲಿ ನುರುಕಾನ್ ಎಂಬ ಹೆಸರೇ ಇದೆ, ಸುಮಾರು 40 ಡಿಗ್ರಿ. ನಾಲಿಗೆ ಸುಡುವಷ್ಟು ಬಿಸಿ ಬೇಡ, ದುಬಾರಿ ಮೀನೂ ಬೇಡ, ದೀಪ ಮಂದವಾಗಿರಲಿ. ನೆನಪು ಯಾರದು, ಏನಾಯಿತು, ಬಿಡಿಸಿ ಹೇಳುವುದೇ ಇಲ್ಲ. ಆ ಬೆಚ್ಚಗಿನ ಬಟ್ಟಲೇ ಎಲ್ಲ ಹೇಳಿಬಿಡುತ್ತದೆ. ಯಾಶಿರೊ 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಸುದ್ದಿ ಬಂದ ವಾರ ಪಾಠ ಬಿಟ್ಟು ತರಗತಿಯಲ್ಲಿ ಇದೊಂದನ್ನೇ ಹಾಕಿದ್ದೆ.

ಎಂದೊ ಕೆಂಜಿಯ 1971ರ 'ಕರೀ ರೈಸ್' ಕೂಡ ಹಾಗೆಯೇ. ಕರೀ ನಮ್ಮ ಕಡೆಯಿಂದ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಮೇಜಿ ಚಕ್ರವರ್ತಿಯ ಕಾಲದ (1868-1912) ಜಪಾನ್ ಸೇರಿ, ಹಿಟ್ಟು ಕದಡಿದ ದಪ್ಪ ಗೊಜ್ಜಾಯಿತು. ಹಾಡಿನಲ್ಲಿ ಹುಡುಗಿ ಅಡುಗೆ ಮಾಡುತ್ತಿದ್ದಾಳೆ. ಅವಳಿಗೂ ಬೆಕ್ಕಿಗೂ ತನಗೂ ಕರೀ ರೈಸ್ ಇಷ್ಟ ಎನ್ನುತ್ತಾನೆ ಹಾಡುವವನು. ಟಿವಿಯಲ್ಲಿ ಯಾರೋ ಹೊಟ್ಟೆ ಬಗೆದುಕೊಂಡ ಸುದ್ದಿ. ತುಂಬಾ ನೋವಾಗಿರುತ್ತೆ ಅಲ್ವಾ, ಎಂದಷ್ಟೇ ಅಂದುಕೊಳ್ಳುತ್ತಾನೆ. ಹೆಸರಿಲ್ಲ. ಆದರೆ ಸಾಹಿತಿ ಮಿಶಿಮಾ ಯುಕಿಯೊ ಹಾಗೆ ಸತ್ತದ್ದು 1970ರ ನವೆಂಬರ್ 25ರಂದು, ಕೇಳುವವರಿಗೆಲ್ಲ ಗೊತ್ತು. ದೇಶ ಬೆಚ್ಚಿಬಿದ್ದ ಸುದ್ದಿಯನ್ನು ಒಲೆಯ ಮೇಲೆ ಕುದಿಯುವ ಪಾತ್ರೆಯ ಪಕ್ಕ ಇಟ್ಟು, ದನಿ ಏರಿಸದೆ ಹಾಡಿದ್ದಾನೆ.

ಇಷ್ಟೆಲ್ಲ ಹೇಳಿ ಮುಗಿಸುವಾಗ ಯಾರಾದರೂ ಕೈಯೆತ್ತುತ್ತಾರೆ: "ಮೇಡಂ, 'ಸುಕಿಯಾಕಿ' ಬಿಟ್ಟೇಬಿಟ್ರಿ!" ಸಕಾಮೊತೊ ಕ್ಯು ಹಾಡಿದ ಅದು 1963ರ ಜೂನಿನಲ್ಲಿ ಮೂರು ವಾರ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. 1961ರ ಮೂಲ ಹೆಸರು 'ಉಎ ಒ ಮುಯಿತೆ ಅರುಕೋ', ತಲೆಯೆತ್ತಿ ನಡೆಯೋಣ ಎಂದರ್ಥ. ಕಣ್ಣೀರು ಉದುರದಿರಲೆಂದು ಮೇಲೆ ನೋಡುತ್ತಾ ಒಬ್ಬನೇ ನಡೆಯುವವನ ಹಾಡು. ಬ್ರಿಟನ್ನಿನ ರೆಕಾರ್ಡ್ ಕಂಪನಿಯವರಿಗೆ ಆ ಹೆಸರು ಬಾಯಿಗೆ ಬರಲಿಲ್ಲ, ತಮಗೆ ಗೊತ್ತಿದ್ದ ಮಾಂಸದಡುಗೆಯ ಹೆಸರಿಟ್ಟುಬಿಟ್ಟರು. ನಮ್ಮ ವಿರಹಗೀತೆಗೆ ಯಾರೋ ಬಿಸಿಬೇಳೆಬಾತ್ ಅಂತ ಹೆಸರಿಟ್ಟ ಹಾಗೆ. ಹಾಡು ಹಾಕುತ್ತೇನೆ. ಪದ ಪದ ಹಿಡಿದು ಕೇಳಿಸಿಕೊಳ್ಳುತ್ತಾರೆ. ನಡುವಿನ ಸಿಳ್ಳೆಯೂ ಮುಗಿಯುತ್ತದೆ.

"ತಿಂಡಿ ಎಲ್ಲಿ ಬಂತು ಮೇಡಂ ಇದ್ರಲ್ಲಿ?"