ಇದ್ದ ಕೂದಲೂ ಕಿತ್ತು ಬರುವುದಿಲ್ಲವೇ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಮದುವೆ, ಸೀಮಂತ ಬಂದರೆ ತಲೆಗೆ ಕ್ಲಿಪ್ ಎಕ್ಸ್‌ಟೆನ್ಶನ್, ಅಂದರೆ ಕ್ಲಿಪ್ಪಿನಿಂದ ಸಿಕ್ಕಿಸುವ ಕೂದಲಿನ ಪಟ್ಟಿ, ಹಾಕಿಕೊಡಲು ನನ್ನನ್ನು ಕರೆಯುತ್ತಾರೆ. ಕನ್ನಡಿ ಮುಂದೆ ಕೂತ ಕೂಡಲೇ ಕೇಳುವ ಪ್ರಶ್ನೆ ಒಂದೇ: “ಇದ್ದ ಕೂದ್ಲಾನೂ ಕಿತ್ತು ಬರೂದಿಲ್ಲೇನ್ರೀ ಅಕ್ಕಾರ?”

ಗಟ್ಟಿ ಜಾಗ ನೋಡಿ ಹಾಕಿ, ಅದೇ ರಾತ್ರಿ ತೆಗೆದರೆ ಬರುವುದಿಲ್ಲ. ತೆಳು ಜಾಗದಲ್ಲಿ ಸಿಕ್ಕಿಸಿ ದಿನಾ ಹಾಕಿಕೊಂಡರೆ ಬರುತ್ತದೆ. ಬುಡಕ್ಕೆ ತಿಂಗಳುಗಟ್ಟಲೆ ಎಳೆತ ಬಿದ್ದು ಕೂದಲು ಉದುರುವುದನ್ನು ವೈದ್ಯರು ಟ್ರ್ಯಾಕ್ಷನ್ ಅಲೋಪೇಶಿಯಾ ಎನ್ನುತ್ತಾರೆ. ಬೇಗ ಎಚ್ಚೆತ್ತು ಎಳೆತ ನಿಲ್ಲಿಸಿದರೆ ಸಾಮಾನ್ಯವಾಗಿ ಮತ್ತೆ ಹುಟ್ಟುತ್ತದೆ. ವರ್ಷಗಟ್ಟಲೆ ಬಿಟ್ಟರೆ ಆ ಜಾಗ ಬೋಳಾಗಿಯೇ ಉಳಿಯಬಹುದು. ಬಿಗಿಯಾಗಿ ಹೆಣೆದ ಜಡೆಯಿಂದಲೂ ಹೀಗಾಗುತ್ತದೆ.

ಗದಗಿನಲ್ಲಿ ನಮ್ಮವ್ವ ಹಬ್ಬಕ್ಕೆ ಚೌರಿ ಸೇರಿಸಿ ಹೆಣಲು ಹಾಕುತ್ತಿದ್ದಳು. ಇಲ್ಲಿಯ ಮರಾಠಿ ಹೆಂಗಸರು ಅದನ್ನೇ ಗಂಗಾವನ ಅನ್ನುತ್ತಾರೆ. ಚೌರಿಯ ಭಾರವನ್ನು ಇಡೀ ಜಡೆ ಹೊರುತ್ತದೆ. ಕ್ಲಿಪ್ ಹಾಗಲ್ಲ, ತಾನು ಕಚ್ಚಿದ ಅಷ್ಟೇ ಕೂದಲಿಗೆ ಜೋತು ಬೀಳುತ್ತದೆ. ಅದಕ್ಕೇ ಅದು ಎಲ್ಲಿ ಕಚ್ಚುತ್ತದೆ ಅನ್ನುವುದು ಮುಖ್ಯ.

ಇದನ್ನು ನಾನು ನನ್ನ ತಲೆಯ ಮೇಲೆಯೇ ಕಲಿತೆ. ಎರಡನೇ ಹೆರಿಗೆಯಾಗಿ ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬರತೊಡಗಿತು. ಬಾಣಂತಿಯರಿಗೆ ಹೀಗಾಗುವುದು ಸಹಜ, ಸಾಮಾನ್ಯವಾಗಿ ವರ್ಷದೊಳಗೆ ತುಂಬಿಕೊಳ್ಳುತ್ತದೆ. ಅಷ್ಟರಲ್ಲೇ ನಾದಿನಿಯ ಮದುವೆ ಬಂತು. ಕಿವಿಯ ಮುಂದೆ ತೀರಾ ತೆಳ್ಳಗಿತ್ತು, ಅಲ್ಲಿಗೇ ಕ್ಲಿಪ್ ಸಿಕ್ಕಿಸಿದೆ. ಸಂಜೆ ಲೋಕಲ್‌ನಲ್ಲಿ ಮರಳುವಾಗ ತಲೆ ಸಿಡಿಯುತ್ತಿತ್ತು. ಎರಡು ದಿನ ಆ ಜಾಗ ಮುಟ್ಟಲು ಆಗಲಿಲ್ಲ. ಅಂದಿನಿಂದ ಕ್ಲಿಪ್ ಹಾಕುವುದು ದಟ್ಟ ಇರುವಲ್ಲಿ. ತೆಳ್ಳಗಿರುವ ಕಡೆಗೆ ಅದರ ಕೂದಲು ಬಂದು ಬಿದ್ದರೆ ಸಾಕು.

ಹಿಂದಿನ ದಿನ ತಲೆ ತೊಳೆದು ಒಣಗಿಸಿ. ಎಣ್ಣೆ ಬೇಡ, ಬುಡಕ್ಕೆ ಕಂಡೀಷನರ್ ಕೂಡ ಬೇಡ, ಕ್ಲಿಪ್ ಜಾರುತ್ತದೆ. ಜಾರಿದ ಕ್ಲಿಪ್ಪೇ ಎಳೆಯುವುದು. ಸಾಮಾನ್ಯವಾಗಿ ಸಿಗುವ ಸೆಟ್‌ನಲ್ಲಿ 7 ಪಟ್ಟಿ, 16 ಕ್ಲಿಪ್ ಇರುತ್ತವೆ. ಮೊದಲು ಎಲ್ಲ ಕ್ಲಿಪ್ ತೆರೆದಿಟ್ಟುಕೊಳ್ಳಿ. ಹೆಡಕಿನಿಂದ ಎರಡು ಬೆರಳು ಮೇಲೆ ಅಡ್ಡ ಬೈತಲೆ ತೆಗೆದು, ಮೇಲಿನ ಕೂದಲನ್ನು ಎತ್ತಿ ಕಟ್ಟಿ. ಬೈತಲೆಯ ಬುಡದ ಕೂದಲನ್ನು ಸಣ್ಣ ಬಾಚಣಿಗೆಯಿಂದ ಎರಡು ಮೂರು ಸಲ ಉಲ್ಟಾ ಬಾಚಿದರೆ ಪುಟ್ಟ ಮೆತ್ತೆಯಂತಾಗುತ್ತದೆ. ಕ್ಲಿಪ್ಪಿನ ಹಲ್ಲು ಇಳಿಯಬೇಕಾದ್ದು ಆ ಮೆತ್ತೆಗೆ. ನಡುವಿನದನ್ನು ಮೊದಲು ಟಕ್ಕೆಂದು ಮುಚ್ಚಿ, ಆಮೇಲೆ ಅಂಚಿನವು. ಒಂದಿಂಚು ಬಿಟ್ಟು ಮುಂದಿನ ಸಾಲು. ಅಗಲದ ಪಟ್ಟಿಗಳು ತಲೆಯ ಹಿಂಬದಿಗೆ, ಒಂದೇ ಕ್ಲಿಪ್ಪಿನ ಸಣ್ಣವು ಕಿವಿಯ ಮೇಲುಗಡೆಗೆ. ಕ್ಲಿಪ್ಪಿನ ಕೆಳಗೆ ನೇರ ಕ್ಲಿಪ್ ಬರದ ಹಾಗೆ, ಇಟ್ಟಿಗೆ ಗೋಡೆ ಕಟ್ಟಿದ ಹಾಗೆ ಸರಿಸಿ. ನೆತ್ತಿಯ ಮೇಲೆ ಮುಚ್ಚಲು ಸಾಕಷ್ಟು ಸ್ವಂತ ಕೂದಲು ಉಳಿಯಲೇಬೇಕು. ತಲೆ ಅಲ್ಲಾಡಿಸಿ ನೋಡಿ, ಎಲ್ಲಾದರೂ ಚುರ್ ಅಂದರೆ ಅದನ್ನು ತೆಗೆದು ಬೇರೆ ಕಡೆ ಹಾಕಿ. ನೋವು ಸಹಿಸಿಕೊಂಡು ಫೋಟೋಗೆ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ.

ಕೊಳ್ಳುವಾಗ ಭಾರ ಕೇಳಿ. ತೆಳು ಕೂದಲಿಗೆ 100 ಗ್ರಾಂ ಸುತ್ತಮುತ್ತ ಸಾಕು, 200 ಗ್ರಾಂ ಸೆಟ್ ಚೆಂದ ಕಂಡರೂ ಅದನ್ನು ಹೊರುವ ಬುಡ ನಮ್ಮದು. ಕ್ರಾಫರ್ಡ್ ಮಾರ್ಕೆಟ್‌ ಕಡೆ ಅಂಗಡಿಗಳ ದೀಪದಲ್ಲಿ ಎಲ್ಲ ಕಪ್ಪೂ ಒಂದೇ ಥರ ಕಾಣುತ್ತದೆ. ಬಾಗಿಲಿಗೆ ಬಂದು ಬಿಸಿಲಲ್ಲಿ ನಿಮ್ಮ ಕೂದಲ ತುದಿಗೆ ಹಿಡಿದು ನೋಡಿ, ಬುಡಕ್ಕಲ್ಲ. ಬಣ್ಣದ ನಂಬರ್ 1 ಅಂದರೆ ಕಾಡಿಗೆಗಪ್ಪು, 1ಬಿ ಅಂದರೆ ಸಹಜ ಕಪ್ಪು. ನಮ್ಮಲ್ಲಿ ಬಹಳ ಜನರಿಗೆ ಹೊಂದುವುದು ಎರಡನೆಯದು.

ಪಟ್ಟಿ ಮಾಡಲು ಬಳಸುವ ನಿಜ ಕೂದಲಲ್ಲೂ ಎರಡು ಬಗೆ. ತಿರುಮಲದಲ್ಲಿ ಮುಡಿ ಕೊಟ್ಟ ಕೂದಲನ್ನು ದೇವಸ್ಥಾನ ಹರಾಜು ಹಾಕುತ್ತದೆ. ಹಾಗೆ ತಲೆಯಿಂದ ಕತ್ತರಿಸಿ, ಬುಡ ತುದಿ ಅದಲುಬದಲಾಗದಂತೆ ಕಟ್ಟಿಟ್ಟದ್ದು ರೆಮಿ. ಇನ್ನೊಂದು, ಬಾಚಣಿಗೆಯಲ್ಲಿ ಉದುರಿದ ಕೂದಲು. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಹೆಣ್ಣುಮಕ್ಕಳು ಕೂತು ಅಂಥ ಕೂದಲ ಗಂಟನ್ನು ಎಳೆ ಎಳೆಯಾಗಿ ಬಿಡಿಸಿ, ಉದ್ದಕ್ಕೆ ತಕ್ಕ ಹಾಗೆ ಕಟ್ಟುತ್ತಾರೆ. ಆ ಕೈಗಳ ತಾಳ್ಮೆ ದೊಡ್ಡದು. ಆದರೆ ಉದುರು ಕೂದಲಲ್ಲಿ ಬುಡ ತುದಿ ಬೆರೆತಿದ್ದರೆ ಬೇಗ ಸಿಕ್ಕಾಗುತ್ತದೆ. ಸಿಕ್ಕು ಬಿಡಿಸುವಾಗ ಎಳೆತ ಬೀಳುವುದು ನಮ್ಮ ಬುಡಕ್ಕೇ. ಹಾಗಾಗಿ ತಲೆಯ ಮೇಲಿದ್ದಾಗ ಬಾಚುವುದಾದರೆ ಪಟ್ಟಿಯನ್ನು ಮೇಲೆ ಒಂದು ಕೈಯಿಂದ ಹಿಡಿದು, ತುದಿಯಿಂದ ಬಾಚುತ್ತ ಬನ್ನಿ.

ತಲೆಯಲ್ಲಿ ಹುಣ್ಣು, ತುರಿಕೆ ಇದ್ದವರಿಗೆ, ಬಿಲ್ಲೆಯಷ್ಟು ಬೋಳಾದವರಿಗೆ ನಾನು ಹಾಕುವುದಿಲ್ಲ; ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ. ಉಳಿದವರಿಗೆ ಹಾಕಿ ಮುಗಿಸಿ ಎದ್ದು ಬರುವಾಗ ಅವರ ಅವ್ವನನ್ನೋ ಅತ್ತೆಯನ್ನೋ ಕರೆದು, ಎಷ್ಟು ಕ್ಲಿಪ್ ಎಲ್ಲೆಲ್ಲಿವೆ ಎಂದು ಕೈ ಇಟ್ಟು ತೋರಿಸುತ್ತೇನೆ. ಮದುವೆಮನೆಯಿಂದ ದಣಿದು ಬಂದು ಹಾಗೇ ಮಲಗಿಬಿಟ್ಟರೆ, ನಿದ್ದೆಯಲ್ಲಿ ಹೊರಳುವಾಗ ಒಂದೊಂದೂ ಎಳೆಯುತ್ತದೆ. ಹದಿನಾರೂ ಲೆಕ್ಕ ಹಾಕಿ ತೆಗೆದೇ ದೀಪ ಆರಿಸಿ ಅನ್ನುತ್ತೇನೆ.