‘ಅವರಿಗೇ ನಷ್ಟ, ಹಾಗಾಗಿ ಮಾಡಲಾರರು’

ಹೊಸದಾಗಿ ಸೇರಿದವರು ಬರೆದ ಟಿಪ್ಪಣಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಒಂದು ವಾಕ್ಯವನ್ನು. ‘ಇದರಿಂದ ಅವರಿಗೇ ನಷ್ಟ, ಹಾಗಾಗಿ ಮಾಡಲಾರರು.’ ಹೇಳುವ ರೀತಿ ಬೇರೆ ಬೇರೆ ಇರುತ್ತದೆ, ಒಳಗಿನ ಲೆಕ್ಕ ಮಾತ್ರ ಇದೇ. ಸಿಕ್ಕಿದರೆ ಕೆಳಗೆ ಗೆರೆ ಎಳೆದು ವಾಪಸ್ ಕಳಿಸುತ್ತೇನೆ.

ನಾನು ಬೆಂಗಳೂರಿನ ಒಂದು ನೀತಿ ಸಂಶೋಧನಾ ಸಂಸ್ಥೆಯಲ್ಲಿ ವಿದೇಶಾಂಗ ಮತ್ತು ಭದ್ರತೆ ವಿಷಯ ನೋಡಿಕೊಳ್ಳುತ್ತೇನೆ. ಥಿಂಕ್ ಟ್ಯಾಂಕ್ ಅಂತಾರಲ್ಲ, ಅದು. ಟಿವಿಯಲ್ಲಿ ಕೂತು ಮೇಜು ಕುಟ್ಟುವವರು ನಾವಲ್ಲ (ನಮ್ಮಲ್ಲೂ ಕೆಲವರು ಅಲ್ಲಿಗೆ ಹೋಗುತ್ತಾರೆ, ಅದು ಬೇರೆ ಮಾತು). ಗುಪ್ತ ಕಡತ ಯಾವುದೂ ನಮ್ಮ ಕೈಗೆ ಬರುವುದಿಲ್ಲ. ಪತ್ರಿಕೆ, ಸರ್ಕಾರಿ ಹೇಳಿಕೆ, ಖಾಸಗಿ ಉಪಗ್ರಹ ಕಂಪನಿಗಳ ಚಿತ್ರ, ಹಡಗು ವಿಮಾನಗಳ ಓಡಾಟದ ಮಾಹಿತಿ, ಬಜೆಟ್ ಪುಸ್ತಕ, ಇಷ್ಟೇ ಬಂಡವಾಳ. ಇವನ್ನೆಲ್ಲ ಓದಿ, ಮುಂದೆ ಏನಾಗಬಹುದು, ಆದರೆ ನಮಗೆ ಎಲ್ಲಿ ತಾಗುತ್ತದೆ ಅಂತ ಮೂರು ನಾಲ್ಕು ಪುಟದಲ್ಲಿ ಬರೆಯಬೇಕು.

ಆ ವಾಕ್ಯದ ಮೇಲೆ ನನಗೆ ಯಾಕಿಷ್ಟು ಸಿಟ್ಟು ಅನ್ನುವುದಕ್ಕೆ 2022ರ ಜನವರಿ, ಫೆಬ್ರವರಿಗೆ ಹೋಗಬೇಕು.

ರಷ್ಯಾ ಆಗ ಉಕ್ರೇನ್ ಗಡಿಯ ಸುತ್ತ ಒಂದು ಲಕ್ಷಕ್ಕೂ ಜಾಸ್ತಿ ಸೈನಿಕರನ್ನು ನಿಲ್ಲಿಸಿತ್ತು. ನಮ್ಮ ಆಫೀಸಿನಲ್ಲಿ ಎರಡು ಗುಂಪಾಯಿತು. ಪುಟಿನ್ ಬರೀ ಹೆದರಿಸುತ್ತಿದ್ದಾರೆ, ಅಮೆರಿಕ, ಯುರೋಪ್ ದೇಶಗಳ ಸೇನಾ ಒಕ್ಕೂಟ ನೇಟೋದಿಂದ ಒಂದಿಷ್ಟು ರಿಯಾಯಿತಿ ಪಡೆದು ಹಿಂದೆ ಸರಿಯುತ್ತಾರೆ ಅನ್ನುವವರೇ ಜಾಸ್ತಿ. ಅವರ ವಾದ ದುರ್ಬಲವೇನೂ ಆಗಿರಲಿಲ್ಲ. ನಾಲ್ಕು ಕೋಟಿ ಜನರಿರುವ ದೇಶವನ್ನು ಹಿಡಿದಿಟ್ಟುಕೊಳ್ಳಲು ಅಷ್ಟು ಸೈನ್ಯ ಸಾಲದು. ನಿರ್ಬಂಧಗಳು ಬೀಳುತ್ತವೆ. ಯುರೋಪಿಗೆ ಅನಿಲ ಮಾರುವ ವ್ಯಾಪಾರ ಹೋಗುತ್ತದೆ. ನೇಟೋ ಒಡೆಯುವ ಬದಲು ಗಟ್ಟಿಯಾಗುತ್ತದೆ. ಇಷ್ಟು ಕಳೆದುಕೊಂಡು ಯಾರಾದರೂ ಯುದ್ಧ ಮಾಡುತ್ತಾರಾ?

ನಮ್ಮಲ್ಲಿ ಹಿರಿಯರೊಬ್ಬರಿದ್ದರು. ಸೇನೆಯಿಂದ ನಿವೃತ್ತರಾಗಿ ಬಂದವರು, ಹಾಸನದ ಕಡೆಯವರು. ಇದನ್ನೆಲ್ಲ ಕೇಳಿ ನನ್ನ ಕಡೆ ತಿರುಗಿ, ‘ನೋಡಮ್ಮಾ, ನಮ್ಮೂರಲ್ಲಿ ಒಂದಡಿ ಬದುವಿಗೋಸ್ಕರ ಕೋರ್ಟಿಗೆ ಹೋಗಿ ಎರಡು ಎಕರೆ ಮಾರಿಕೊಂಡವರಿದ್ದಾರೆ. ಅವರಿಗೇನು ಲೆಕ್ಕ ಬರ್ತಿರಲಿಲ್ವಾ?’ ಅಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಬೋರ್ಡಿನ ಹತ್ತಿರ ಹೋಗಿ ಕೋಷ್ಟಕ ಹಾಕಲು ಶುರು ಮಾಡಿದರು.

ಆ ಕೋಷ್ಟಕ ಅವರ ಸ್ವಂತದ್ದಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿ ಬಹಳ ವರ್ಷ ಕೆಲಸ ಮಾಡಿದ ರಿಚರ್ಡ್ಸ್ ಹ್ಯೂಯರ್ ರೂಪಿಸಿದ ವಿಧಾನ. ಮೇಲೆ ಅಡ್ಡಸಾಲಿನಲ್ಲಿ ಊಹೆಗಳು: ಬರೀ ಬೆದರಿಕೆ, ಪೂರ್ವ ಉಕ್ರೇನಿನ ಡಾನ್‌ಬಾಸ್‌ನಲ್ಲಿ ಸಣ್ಣ ದಾಳಿ, ಪೂರ್ಣ ಯುದ್ಧ. ಎಡಗಡೆ ಕೆಳಕ್ಕೆ ಸಾಕ್ಷ್ಯಗಳು. ಸಾಮಾನ್ಯವಾಗಿ ನಾವೆಲ್ಲ ನಮಗೆ ಇಷ್ಟವಾದ ಊಹೆಗೆ ಸಾಕ್ಷ್ಯ ಕೂಡಿಸುತ್ತಾ ಹೋಗುತ್ತೇವೆ. ಇಲ್ಲಿ ಕೇಳುವುದು ಉಲ್ಟಾ ಪ್ರಶ್ನೆ: ಈ ಸಾಕ್ಷ್ಯ ಯಾವ ಊಹೆಗೆ ಹೊಂದುವುದಿಲ್ಲ? ಮೂರಕ್ಕೂ ಹೊಂದುವ ಸಾಕ್ಷ್ಯ ಎಷ್ಟೇ ದೊಡ್ಡ ಸುದ್ದಿಯಾಗಿದ್ದರೂ ಕೋಷ್ಟಕದಲ್ಲಿ ಅದಕ್ಕೆ ಬೆಲೆ ಇಲ್ಲ.

ಹಾಗೆ ನೋಡಿದರೆ ಒಂದು ಲಕ್ಷ ಸೈನಿಕರು ಅನ್ನುವ ಸಂಖ್ಯೆಯೇ ಬಿದ್ದುಹೋಯಿತು. ಹೆದರಿಸಲೂ ಸೈನ್ಯ ಬೇಕು, ಹೊಡೆಯಲೂ ಬೇಕು. ಪುಟಿನ್ ಭಾಷಣಗಳೂ ಹಾಗೇ. ‘ದಾಳಿಯ ಉದ್ದೇಶವಿಲ್ಲ’ ಅನ್ನುವ ಮಾಸ್ಕೋದ ಹೇಳಿಕೆಗಳಂತೂ ಸರಿಯೇ, ಉದ್ದೇಶ ಇದ್ದವರೂ ಅದನ್ನೇ ಹೇಳುತ್ತಾರೆ. ಉಳಿದದ್ದು ಟಿವಿಯಲ್ಲಿ ಯಾರೂ ಕೂಗಾಡದ ವಿಷಯಗಳು. ರಷ್ಯಾದ ಪೂರ್ವ ತುದಿಯಿಂದ, ಸಾವಿರಾರು ಕಿಲೋಮೀಟರ್ ದೂರದಿಂದ, ರೈಲಿನಲ್ಲಿ ಟ್ಯಾಂಕುಗಳು ಬೆಲರೂಸ್‌ಗೆ ಬಂದದ್ದು. ಗಡಿಯ ಹತ್ತಿರ ಎದ್ದ ಫೀಲ್ಡ್ ಆಸ್ಪತ್ರೆಗಳು. ರಕ್ತದ ದಾಸ್ತಾನು ಗಡಿಗೆ ಬಂದಿದೆ ಅನ್ನುವ ಜನವರಿ ಕೊನೆಯ ಸುದ್ದಿ. ರಕ್ತ ಹೆಚ್ಚೆಂದರೆ ಆರು ವಾರ ಉಳಿಯುತ್ತದೆ. ಕ್ಯಾಮೆರಾಗೆ ಕಾಣುವುದಿಲ್ಲ, ಹಾಗಾಗಿ ಹೆದರಿಸುವುದಕ್ಕೂ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಆದರೆ ಆ ಸುದ್ದಿಯನ್ನು ಉಕ್ರೇನಿನ ಉಪ ರಕ್ಷಣಾ ಸಚಿವೆಯೇ ಅಲ್ಲಗಳೆದಿದ್ದರು. ಹಾಗಾಗಿ ಅದರ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆವು. ಅಳಿಸಲಿಲ್ಲ.

ಫೆಬ್ರವರಿ 15ಕ್ಕೆ ರಷ್ಯಾ ಕೆಲವು ತುಕಡಿಗಳು ವಾಪಸಾಗುತ್ತಿವೆ ಎಂದು ಪ್ರಕಟಿಸಿತು. ಆಫೀಸಿನಲ್ಲಿ ಒಂದು ಸಮಾಧಾನದ ಉಸಿರು. ಅದೇ ದಿನಗಳಲ್ಲಿ ಬಂದ ಉಪಗ್ರಹ ಚಿತ್ರದಲ್ಲಿ ಬೆಲರೂಸಿನ ಪ್ರಿಪ್ಯಾತ್ ನದಿಯ ಮೇಲೆ, ಉಕ್ರೇನ್ ಗಡಿಗೆ ಹತ್ತಿರದಲ್ಲೇ, ಹೊಸ ತೇಲುಸೇತುವೆ ಕಂಡಿತು. ಮನೆಗೆ ಹೊರಟವರಿಗೆ ಆ ಸೇತುವೆ ಯಾಕೆ ಬೇಕು? 24ರ ಬೆಳಗಿನ ಜಾವ ಯುದ್ಧ ಶುರುವಾಯಿತು.

ಬರೀ ಬೆದರಿಕೆ ಅಂದವರು ನಮ್ಮಲ್ಲಿ ಮಾತ್ರ ಇರಲಿಲ್ಲ. ಮಾರ್ಚ್‌ನಲ್ಲಿ ಫ್ರಾನ್ಸಿನ ಸೇನಾ ಮುಖ್ಯಸ್ಥ ಬುರ್ಕಾರ್ ಅವರೇ ಬಹಿರಂಗವಾಗಿ ಒಪ್ಪಿಕೊಂಡರು: ಅಮೆರಿಕದವರ ಅಂದಾಜು ಸರಿ ಇತ್ತು, ಉಕ್ರೇನನ್ನು ಗೆಲ್ಲಲು ತೆರಬೇಕಾದ ಬೆಲೆ ವಿಪರೀತ ಅಂತ ನಮ್ಮವರು ಎಣಿಸಿದ್ದರು. ಅವರ ಸೇನಾ ಗುಪ್ತಚರ ಮುಖ್ಯಸ್ಥರು ಅದೇ ತಿಂಗಳು ಹುದ್ದೆ ಬಿಟ್ಟರು. ಗಮನಿಸಿ, ಫ್ರೆಂಚರ ಲೆಕ್ಕ ತಪ್ಪಿರಲಿಲ್ಲ. ಬೆಲೆ ನಿಜಕ್ಕೂ ವಿಪರೀತವೇ ಆಯಿತು. ಆದರೆ ‘ಮಾಡಿದರೆ ಕೈ ಸುಟ್ಟುಕೊಳ್ಳುತ್ತಾರೆ’ ಅನ್ನುವುದಕ್ಕೂ ‘ಮಾಡುವುದಿಲ್ಲ’ ಅನ್ನುವುದಕ್ಕೂ ನಡುವೆ ಒಂದು ದೊಡ್ಡ ಖಾಲಿ ಜಾಗ ಇದೆ. ಅಲ್ಲಿ ಕೂತು ಲೆಕ್ಕ ಹಾಕುತ್ತಿದ್ದವರು ಪ್ಯಾರಿಸಿನವರಲ್ಲ, ಪುಟಿನ್.

ಇದು ಹಳೇ ಕಾಯಿಲೆ. 1973ರಲ್ಲಿ ಇಸ್ರೇಲಿನ ಸೇನಾ ಗುಪ್ತಚರ ಇಲಾಖೆಗೆ ಒಂದು ನಂಬಿಕೆ ಇತ್ತು: ಇಸ್ರೇಲಿನ ಒಳಗಿನ ವಾಯುನೆಲೆಗಳನ್ನು ಹೊಡೆಯಬಲ್ಲ ವಿಮಾನ, ಕ್ಷಿಪಣಿ ಸಿಗುವ ತನಕ ಈಜಿಪ್ಟ್ ಯುದ್ಧಕ್ಕೆ ಬರುವುದಿಲ್ಲ, ಬಂದರೆ ಗೆಲ್ಲಲಾಗದು. ಆದರೆ ಈಜಿಪ್ಟ್ ಅಧ್ಯಕ್ಷ ಸಾದತ್‌ಗೆ ಯುದ್ಧ ಗೆಲ್ಲುವುದೇ ಗುರಿಯಾಗಿರಲಿಲ್ಲ. ಸೂಯೆಜ್ ಕಾಲುವೆ ದಾಟಿ ಒಂದಿಷ್ಟು ನೆಲ ಹಿಡಿದು, ಮಾತುಕತೆಗೆ ಎಳೆಯುವುದಷ್ಟೇ ಬೇಕಿತ್ತು. ಅಕ್ಟೋಬರ್ 6ಕ್ಕೆ ದಾಟಿಯೇ ಬಿಟ್ಟರು. ಆಮೇಲೆ ಇಸ್ರೇಲ್ ತನ್ನ ಗುಪ್ತಚರ ವಿಭಾಗದೊಳಗೇ ಒಂದು ಸಣ್ಣ ತಂಡ ಕಟ್ಟಿತು. ಎಲ್ಲರೂ ಒಪ್ಪಿದ ಅಂದಾಜಿಗೆ ವಿರುದ್ಧವಾಗಿ ವಾದಿಸುವುದೇ ಅದರ ಕೆಲಸ. ಆ ತಂಡ ಎಲ್ಲ ಕಾಲಕ್ಕೂ ಕಾಪಾಡಲಿಲ್ಲ ಅನ್ನುವುದು 2023ರ ಅಕ್ಟೋಬರ್ 7ಕ್ಕೆ, ಹಮಾಸ್ ದಾಳಿ ಮಾಡಿದಾಗ ಗೊತ್ತಾಯಿತು.

ದೂರದ ಮಾತು ಯಾಕೆ, ನಮ್ಮ ಕಾರ್ಗಿಲ್ ಇಲ್ವಾ? 1999ರ ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋಗಿ ಬಂದಿದ್ದರು. ಆ ಎತ್ತರದಲ್ಲಿ ದೊಡ್ಡ ಮಟ್ಟದಲ್ಲಿ ನುಸುಳಿ ಕೂತರೂ ಉಳಿಸಿಕೊಳ್ಳುವುದು ಸಾಧ್ಯವಿಲ್ಲ, ಹಾಗಾಗಿ ಯಾರೂ ಆ ಸಾಹಸ ಮಾಡಲಿಕ್ಕಿಲ್ಲ ಅನ್ನುವ ಎಣಿಕೆ ನಮ್ಮಲ್ಲಿತ್ತು. ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಿಶೀಲನಾ ಸಮಿತಿ ಇದನ್ನು ದಾಖಲಿಸಿದೆ. ಮೇ ತಿಂಗಳಲ್ಲಿ ಸುಳಿವು ಕೊಟ್ಟವರು ಅಲ್ಲಿನ ಕುರಿಗಾಹಿಗಳು. ಪಾಕಿಸ್ತಾನಕ್ಕೆ ಆ ಬೆಟ್ಟಗಳನ್ನು ಉಳಿಸಿಕೊಳ್ಳಲು ಆಗಲಿಲ್ಲ, ನಿಜ. ನಮ್ಮ ಎಣಿಕೆ ಅಷ್ಟರಮಟ್ಟಿಗೆ ಸರಿ. ಆದರೆ ಅವರನ್ನು ಇಳಿಸಲು ನಾವು 527 ಸೈನಿಕರನ್ನು ಕಳೆದುಕೊಂಡೆವು.

ಇನ್ನೊಂದು ಮಗ್ಗುಲೂ ಇದೆ, ಅದನ್ನು ಬಿಟ್ಟರೆ ಅನ್ಯಾಯ. ಯುದ್ಧ ಆಗುತ್ತದೆ ಎಂದು ಸರಿಯಾಗಿ ಹೇಳಿದ ಅಮೆರಿಕದ ತಜ್ಞರಲ್ಲೇ ಹಲವರು ಉಕ್ರೇನಿನ ರಾಜಧಾನಿ ಕೀವ್ ಕೆಲವೇ ದಿನಗಳಲ್ಲಿ ಬೀಳುತ್ತದೆ ಅಂತಲೂ ಹೇಳಿದ್ದರು. ಬೀಳಲಿಲ್ಲ. ಏಪ್ರಿಲ್ ಮೊದಲ ವಾರದ ಹೊತ್ತಿಗೆ ರಷ್ಯಾದ ಸೈನ್ಯ ಕೀವ್ ಸುತ್ತಮುತ್ತಲಿಂದ ಹಿಂದೆ ಸರಿದಿತ್ತು. ಯುದ್ಧ ಶುರುವಾಗುತ್ತಾ ಅನ್ನುವುದು ಒಂದು ಪ್ರಶ್ನೆ, ಹೇಗೆ ನಡೆಯುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸೇತುವೆ, ಆಸ್ಪತ್ರೆ ಎಣಿಸಿದರೆ ಒಂದು ಮಟ್ಟಿಗೆ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಡೀಸೆಲ್ ಸರಬರಾಜು, ಕೆಳಹಂತದ ಅಧಿಕಾರಿಗಳ ತಯಾರಿ, ಎದುರಿನವರ ಹಟ, ಇವೆಲ್ಲ ಬೇಕು. ಹಟವನ್ನು ಉಪಗ್ರಹದಿಂದ ಎಣಿಸಲಾಗುವುದಿಲ್ಲ. ಅದಕ್ಕೇ ಈಗ ನಾವು ಎರಡು ಪ್ರಶ್ನೆಗೆ ಎರಡು ಕೋಷ್ಟಕ ಹಾಕುತ್ತೇವೆ.

ಆ ಫೆಬ್ರವರಿಯಲ್ಲಿ ನನಗೆ ಅತಿ ಕಷ್ಟವಾದದ್ದು ಟಿಪ್ಪಣಿ ಬರೆಯುವುದಲ್ಲ, ಫೋನ್ ಎತ್ತುವುದು. ಖಾರ್ಕಿವ್‌ನಲ್ಲಿ ನಮ್ಮ ಕಡೆಯ ಎಷ್ಟೋ ಮಕ್ಕಳು ಎಂಬಿಬಿಎಸ್ ಓದುತ್ತಿದ್ದರು. ರಷ್ಯಾ ಗಡಿಗೆ ಅಲ್ಲಿಂದ ಸುಮಾರು 40 ಕಿಲೋಮೀಟರ್. ಪರಿಚಯದ ಅಪ್ಪ ಅಮ್ಮಂದಿರು ಕೇಳುತ್ತಿದ್ದದ್ದು ಒಂದೇ: ‘ಮೇಡಂ, ಯುದ್ಧ ಆಗುತ್ತಾ? ಮಗಳನ್ನು ಕರೆಸಿಕೊಳ್ಳೋದಾ?’ ಅಗತ್ಯವಿಲ್ಲದವರು ತಾತ್ಕಾಲಿಕವಾಗಿ ಹೊರಡುವುದನ್ನು ಯೋಚಿಸಬಹುದು ಎಂದು ನಮ್ಮ ರಾಯಭಾರ ಕಚೇರಿ 15ರಂದು ಹೇಳಿತ್ತು. ‘ಯೋಚಿಸಬಹುದು’ ಅಂದರೆ ಜನ ಏನು ಮಾಡಬೇಕು? ಮಕ್ಕಳಿಗೆ ಹಾಜರಾತಿ ಚಿಂತೆ, ಮನೆಯವರಿಗೆ ಟಿಕೆಟ್ ದರದ ಚಿಂತೆ.

ಹಿರಿಯರನ್ನು ಕೇಳಿದೆ. ‘ಆಗುತ್ತೋ ಇಲ್ವೋ ಅಂತ ಹೇಳಬೇಡ. ಎರಡು ತಪ್ಪಿನ ಬೆಲೆ ಹೇಳು’ ಅಂದರು. ಹಾಗೇ ಹೇಳತೊಡಗಿದೆ. ಕರೆಸಿಕೊಂಡ ಮೇಲೆ ಯುದ್ಧ ಆಗದಿದ್ದರೆ ಟಿಕೆಟ್ ದುಡ್ಡು, ಒಂದಿಷ್ಟು ಹಾಜರಾತಿ ಹೋಗುತ್ತದೆ. ಕರೆಸಿಕೊಳ್ಳದೆ ಯುದ್ಧ ಆದರೆ ವಿಮಾನವೇ ಇರುವುದಿಲ್ಲ. ಯುದ್ಧದ ಸಾಧ್ಯತೆ ನೂರಕ್ಕೆ ಮೂವತ್ತು ಅಂತಿಟ್ಟುಕೊಂಡರೂ ತೀರ್ಮಾನ ಬದಲಾಗುವುದಿಲ್ಲ. ಕೆಲವರು ಕರೆಸಿದರು, ಕೆಲವರು ಕಾದರು. 24ರಂದು ವಿದ್ಯಾರ್ಥಿಗಳನ್ನು ಕರೆತರಲು ಕೀವ್‌ಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ದಾರಿಯಲ್ಲೇ ತಿರುಗಿ ಬಂತು. ಆಪರೇಷನ್ ಗಂಗಾ ವಿಮಾನಗಳು ಮಕ್ಕಳನ್ನು ಕರೆತಂದದ್ದು ರೊಮೇನಿಯಾ, ಪೋಲೆಂಡ್, ಹಂಗರಿಯಂಥ ಅಕ್ಕಪಕ್ಕದ ದೇಶಗಳಿಂದ. ಆ ಗಡಿಗಳ ತನಕ ಅವರು ಬಸ್ಸು, ರೈಲು, ಕಾಲ್ನಡಿಗೆಯಲ್ಲಿ ತಲುಪಬೇಕಾಯಿತು. ಮಾರ್ಚ್ 1ಕ್ಕೆ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಹುಡುಗನೊಬ್ಬ ದಾಳಿಗೆ ಸಿಕ್ಕಿ ತೀರಿಕೊಂಡ.

ಆಮೇಲಿಂದ ನಮ್ಮ ಟಿಪ್ಪಣಿಗಳಿಗೆ ಒಂದು ಭಾಗ ಕಡ್ಡಾಯವಾಗಿ ಸೇರಿತು. ‘ನಮ್ಮ ಅಂದಾಜು ತಪ್ಪಿದರೆ ಯಾರಿಗೆ ಏನು ನಷ್ಟ’ ಅಂತ ಅರ್ಧ ಪುಟ. ಓದುವ ಅಧಿಕಾರಿಗಳು ಎಷ್ಟೋ ಸಲ ಅದನ್ನೇ ಮೊದಲು ಓದುತ್ತಾರಂತೆ.

ಈಗ ಮೇಜಿನ ಮೇಲೆ ತೈವಾನ್ ಇದೆ. ಹೋದ ವಾರವೂ ಒಬ್ಬ ಹುಡುಗ ಬರೆದುಕೊಂಡು ಬಂದ: ತೈವಾನಿನಿಂದ ಬರುವ ಚಿಪ್ ಪೂರೈಕೆ ನಿಂತರೆ ಚೀನಾದ ಕಾರ್ಖಾನೆಗಳಿಗೇ ಏಟು, ಆದ್ದರಿಂದ ದಾಳಿ ಸಂಭವವಿಲ್ಲ. ಗೆರೆ ಎಳೆದೆ. ‘ಹಾಗಾದರೆ ದಾಳಿ ಆಗುತ್ತೆ ಅಂತೀರಾ ಮೇಡಂ?’ ಅಂದ. ಹಾಗೂ ಹೇಳುತ್ತಿಲ್ಲ. ಏಟು ಎಷ್ಟು ಅನ್ನುವ ಲೆಕ್ಕ ಇರಲಿ, ಬೀಜಿಂಗಿನಲ್ಲಿ ಕೂತವರು ಅದನ್ನು ಹೇಗೆ ನೋಡುತ್ತಾರೆ ಅನ್ನುವುದಕ್ಕೆ ಬೇರೆ ಸಾಕ್ಷ್ಯ ತಾ ಅಂದೆ. ಅದರ ಜೊತೆಗೆ ಮಾಮೂಲಿ ಕವಾಯತಿಗೂ ನಿಜವಾದ ತಯಾರಿಗೂ ಒಂದೇ ಥರ ಕಾಣುವುದನ್ನೆಲ್ಲ ಪಟ್ಟಿಯಿಂದ ತೆಗೆಯಲು ಹೇಳಿದೆ. ವಾಹನ ಸಾಗಿಸುವ ನಾಗರಿಕ ಹಡಗುಗಳನ್ನು ಚೀನಾದ ಸೇನೆ ಕವಾಯತಿನಲ್ಲಿ ಬಳಸಿ ವರ್ಷಗಳೇ ಆದವು, ಹಾಗಾಗಿ ಅವು ಬಂದರಿಗೆ ಬಂದವು ಅನ್ನುವುದೊಂದೇ ಸಾಲದು. ಅವು ತಮ್ಮ ದಿನನಿತ್ಯದ ಬಾಡಿಗೆ ಬಿಟ್ಟು ಎಷ್ಟು ದಿನ ನಿಂತಿವೆ ಅನ್ನುವುದನ್ನು ನೋಡಬೇಕು. ಸೋಮವಾರ ತರುತ್ತೇನೆ ಅಂದಿದ್ದಾನೆ.