ಸಣ್ಣ ಗುಂಡು, ದೊಡ್ಡ ಪ್ರಾಣಿ: ಪೋಸ್ಟ್‌ಮಾರ್ಟಂ ಕಲಿಸಿದ್ದು

ನಾನು ಪಶುವೈದ್ಯ. ದನ, ಎಮ್ಮೆ ನೋಡುವುದು ದಿನದ ಕೆಲಸ. ಜೊತೆಗೆ ಹೊಸನಗರ, ತೀರ್ಥಹಳ್ಳಿ ಕಡೆ ಕಾಡುಪ್ರಾಣಿ ಸತ್ತರೆ ಅರಣ್ಯ ಇಲಾಖೆಯವರು ಪೋಸ್ಟ್‌ಮಾರ್ಟಂಗೆ ಕರೆಯುತ್ತಾರೆ. ಹಾಗಾಗಿ ತೋಟದ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. "ಡಾಕ್ಟ್ರೇ, ಸರಿಯಾದ ಜಾಗಕ್ಕೆ ಬಿದ್ರೆ ಪಾಯಿಂಟ್ ಟೂಟೂಗೂ ಕಾಟಿ ಉರುಳುತ್ತೆ ಅಲ್ವಾ?"

ಪಾಯಿಂಟ್ ಟೂಟೂ ಅಂದರೆ .22 ಅನ್ನುವ ಸಣ್ಣ ರೈಫಲ್, ಕಾಟಿ ಅಂದರೆ ಕಾಡುಕೋಣ. ಉರುಳಬಹುದು. ಆದರೆ ಆ ಜಾಗ ಎಲ್ಲಿದೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ.

ಕಾಟಿಯ ಬೆನ್ನ ಮೇಲೆ ಎತ್ತರದ ದಿಂಡು ಇರುತ್ತದೆ. ಚರ್ಮ ಬಿಡಿಸಿದರೆ ಅಲ್ಲಿ ಬೆನ್ನೆಲುಬಿನಿಂದ ಮೇಲಕ್ಕೆದ್ದ ಉದ್ದನೆಯ ಮೂಳೆಗಳು, ಸುತ್ತ ದಪ್ಪ ಮಾಂಸ, ಅಷ್ಟೇ. ಹೃದಯ ತುಂಬಾ ಕೆಳಗೆ, ಮುಂಗಾಲಿನ ಹತ್ತಿರ ಇದೆ. ಹೊರಗಿನಿಂದ ಮೈಯ ನಡುಮಧ್ಯ ಅಂತ ಕಾಣುವುದು ಒಳಗೆ ನಡುಮಧ್ಯ ಅಲ್ಲವೇ ಅಲ್ಲ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಹೊಡೆದ ಈಡು ಈ ದಿಂಡಿಗೆ ಹೋಗಿ ಕೂರುತ್ತದೆ, ಇಲ್ಲವೇ ಹಿಂದೆ ಹೊಟ್ಟೆಗೆ.

ಹೊಟ್ಟೆಗೆ ಬಿದ್ದರೆ ಸಂಕಟ ನೋಡಲಾಗದು. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆ ತೂತಾದರೆ ಅರೆಬರೆ ಕೊಳೆತ ಮೇವು ಒಳಗೆಲ್ಲ ಸೋರಿ ಕೀವಾಗುತ್ತದೆ. ದಿನಗಟ್ಟಲೆ ನರಳಿ ಸಾಯುತ್ತದೆ. ಹೊರಗಿನ ಗಾಯ ಮಾತ್ರ ಹುಣಸೆ ಬೀಜದಷ್ಟೂ ಇರುವುದಿಲ್ಲ. ಮೆಟಲ್ ಡಿಟೆಕ್ಟರ್ ಆಡಿಸಿದ ಮೇಲೆಯೇ ಸೀಸ ಸಿಗುವುದು. ನಾಡಕೋವಿಯ ಚರೆ, ಅಂದರೆ ಕಾಳಿನಂಥ ಸಣ್ಣ ಗುಂಡುಗಳಾದರೆ, ಚರ್ಮದ ಕೆಳಗೇ ಗಂಟು ಕಟ್ಟಿಕೊಂಡಿರುತ್ತದೆ. ಆ ಪ್ರಾಣಿ ಅಷ್ಟೂ ನೋವು ಹೊತ್ತುಕೊಂಡೇ ಓಡಾಡಿರುತ್ತದೆ.

.22 ಗುಂಡಿನ ತೂಕ ಸುಮಾರು 2.6 ಗ್ರಾಂ. ದೊಡ್ಡ ಗಂಡು ಕಾಟಿ 1,000 ಕೆಜಿ ಮುಟ್ಟುತ್ತದೆ. ದೊಡ್ಡ ಪ್ರಾಣಿಗಳ ಬೇಟೆಗೆ ಬಳಸುವ, 1912ರಲ್ಲಿ ಬಂದ .375 ಮ್ಯಾಗ್ನಮ್ ರೈಫಲ್‌ನ ಗುಂಡಿನ ತೂಕ ಸುಮಾರು 19 ಗ್ರಾಂ, ಅದರ ಹೊಡೆತ .22ಕ್ಕಿಂತ ಮೂವತ್ತು ಪಟ್ಟಿಗೂ ಜಾಸ್ತಿ. ಬೇಟೆಗೆ ಪರವಾನಗಿ ಕೊಡುವ ಆಫ್ರಿಕಾದ ಹಲವು ದೇಶಗಳು ಆನೆ, ಅಲ್ಲಿನ ಕಾಡೆಮ್ಮೆಗೆ ಇದಕ್ಕಿಂತ ಸಣ್ಣದನ್ನು ಬಿಡುವುದಿಲ್ಲ.

ಸಣ್ಣ ಗುಂಡೂ ಸಾಕು ಅಂತ ವಾದಿಸಲು ಓದಿಕೊಂಡ ಹುಡುಗರು ಹಳೆಯ ಆನೆ ಬೇಟೆಗಾರ ಡಬ್ಲ್ಯು.ಡಿ.ಎಂ. ಬೆಲ್ ಹೆಸರು ಎತ್ತುತ್ತಾರೆ. ಆತ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಹೊಡೆದದ್ದು, ಅದರಲ್ಲಿ ಬಹುಪಾಲು 7 ಮಿ.ಮೀ. ರೈಫಲ್‌ನಲ್ಲಿ ಅನ್ನುವುದು ನಿಜ. ಆದರೆ ಆತ ಆನೆಯ ಬುರುಡೆಯನ್ನೇ ಗರಗಸದಲ್ಲಿ ಕೊಯ್ದು ಮೆದುಳು ಎಲ್ಲಿದೆ ಅಂತ ಕಲಿತವನು. ಬಳಸಿದ್ದು ಮೂಳೆಗೆ ಬಡಿದರೂ ಚಪ್ಪಟೆಯಾಗದ, ಉದ್ದನೆಯ ಗಟ್ಟಿ ಗುಂಡು. ತೂಕವೂ .22ರ ನಾಲ್ಕು ಪಟ್ಟು. ಅಡಿಕೆ ತೋಟದ ಕತ್ತಲಲ್ಲಿ ಗಾಬರಿಯಿಂದ ನಿಂತವರಿಗೆ ಆ ಲೆಕ್ಕ ಹೊಂದುವುದಿಲ್ಲ. ಕೈ ಸ್ವಲ್ಪ ತಪ್ಪಿದರೂ ಮೂಳೆ ಒಡೆದು ಆಳಕ್ಕೆ ಇಳಿಯುವಂತಿದ್ದರೆ ಮಾತ್ರ ಒಂದು ಗುಂಡನ್ನು ಸಾಕು ಅನ್ನಬಹುದು. .22 ಆ ಸಾಲಿಗೆ ಬರುವುದೇ ಇಲ್ಲ.

ನಮ್ಮಲ್ಲಂತೂ 1972ರ ವನ್ಯಜೀವಿ ಕಾಯ್ದೆಯಡಿ ಕಾಟಿ ಬೇಟೆ ಅಪರಾಧ. ಬೆಳೆ ರಕ್ಷಣೆಗೆ ಕೊಟ್ಟ ಕೋವಿ ಲೈಸೆನ್ಸ್ ಅದಕ್ಕೆ ಅನುಮತಿ ಅಲ್ಲ. ಕಾಟಿಯಿಂದ ಸಸಿ ಕಳೆದುಕೊಂಡವರ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ, ಪರಿಹಾರ ಬೇಗ ಸಿಗಬೇಕು ಅಂತ ನಾನೂ ಹೇಳುತ್ತಲೇ ಇರುತ್ತೇನೆ. ಆದರೆ ಸಣ್ಣ ಗುಂಡು ತಿಂದ ಕಾಟಿ ಹಳ್ಳದ ಪೊದೆಯಲ್ಲಿ ಮಲಗಿರುತ್ತದೆ. ಮರುದಿನ ಅಲ್ಲಿಗೆ ಸೊಪ್ಪು ತರಲು ಹೋಗುವವರು ಹೊಡೆದವರ ಅಮ್ಮನೋ, ಪಕ್ಕದ ಮನೆಯ ಅಕ್ಕನೋ ಆಗಿರುತ್ತಾರೆ. ಕುಂಟುವ ಕಾಟಿ ಕಂಡರೆ ಹಿಂಬಾಲಿಸಬೇಡಿ. ಯಾರು ಹೊಡೆದರು ಅನ್ನುವುದು ಆಮೇಲೆ. ಮೊದಲು ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ, ಆ ದಾರಿಯಲ್ಲಿ ಓಡಾಡುವ ಮನೆಗಳಿಗೆಲ್ಲ ಫೋನ್ ಮಾಡಿ.